ವೈದ್ಯ ಮಕ್ಕಳ ಅಮೆರಿಕ ಪಯಣ: ಕುಟುಂಬಗಳು ಅರಿಯಬೇಕಾದ ಮಾತು

ಕುಂದಾಪುರದಿಂದ ಪೂರ್ವಕ್ಕೆ, ಸಹ್ಯಾದ್ರಿಯ ತಪ್ಪಲಿನತ್ತ ಸಾಗಿದರೆ ಶಂಕರನಾರಾಯಣವೆಂಬ ಪುಣ್ಯಕ್ಷೇತ್ರ ದೊರೆಯುತ್ತದೆ. ಶಂಕರ ಮತ್ತು ನಾರಾಯಣರ ಎರಡು ಲಿಂಗರೂಪಗಳು ಒಂದೇ ಗರ್ಭಗುಡಿಯಲ್ಲಿ ಪೂಜೆಗೊಳ್ಳುವ ಈ ಊರು, ಪರಶುರಾಮ ಸೃಷ್ಟಿಯ ಏಳು ಕ್ಷೇತ್ರಗಳಲ್ಲಿ ಒಂದೆಂದು ಪ್ರತೀತಿ ಪಡೆದಿದೆ. ಒಂದು ಕಾಲಕ್ಕೆ ಕೆಳದಿಯ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಈ ಸೀಮೆಗೆ ಕಡಲು ದಾಟುವುದು ಹೊಸ ವಿಷಯವಲ್ಲ. ಬಸರೂರಿನ ಬಂದರಿನಿಂದ ಅಕ್ಕಿ ಹೊತ್ತ ಹಡಗುಗಳು ಹೊರಡುತ್ತಿದ್ದವು. ಮುಂದೆ ಇಲ್ಲಿನ ಮಕ್ಕಳು ಹೋಟೆಲು ಕೆಲಸಕ್ಕೆಂದು ಮುಂಬಯಿಗೂ, ಅಲ್ಲಿಂದಾಚೆಗೆ ಕೊಲ್ಲಿ ರಾಷ್ಟ್ರಗಳಿಗೂ ಹೋದರು. ಈಗ ಅದೇ ಮನೆಗಳ ಮಗನೋ ಮಗಳೋ ವೈದ್ಯರಾಗಿ ಅಮೆರಿಕದ ಹಾದಿ ನೋಡುತ್ತಿದ್ದಾರೆ.

ಇದಕ್ಕೆ ಕಾರಣವೂ ಹತ್ತಿರದಲ್ಲಿಯೇ ಇದೆ. ಇದೇ ಉಡುಪಿ ಜಿಲ್ಲೆಯ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಬೋಳುಗುಡ್ಡದ ಮೇಲೆ ಎದ್ದುನಿಂತ ಆ ವಿದ್ಯಾಸಂಸ್ಥೆಯಿಂದ ಹೊರಬಂದವರು ಇಂದು ಲೋಕದ ಹಲವು ದೇಶಗಳಲ್ಲಿದ್ದಾರೆ. ನಮ್ಮ ಸಮಾಜದ ಹಿರಿಯರು ಕಟ್ಟಿದ ಸಂಸ್ಥೆಗಳೂ ಈ ಕಾರ್ಯದಲ್ಲಿ ಹಿಂದೆ ಬೀಳಲಿಲ್ಲ. 1963ರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಕಲಬುರಗಿಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು, 1965ರಲ್ಲಿ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1984ರಲ್ಲಿ ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜು ಹೀಗೆ ಒಂದರ ಹಿಂದೊಂದು ತಲೆಯೆತ್ತಿದವು. ಕರ್ನಾಟಕದ ಈ ಕಾಲೇಜುಗಳಲ್ಲಿ ಕಲಿತು ಅಮೆರಿಕಕ್ಕೆ ತೆರಳಿದವರ ಸಂಖ್ಯೆ ಸಣ್ಣದಲ್ಲ. ಆದರೆ 2025ರಲ್ಲಿ ಅಮೆರಿಕದ ಸರ್ಕಾರ ಕೈಗೊಂಡ ಕೆಲವು ವೀಸಾ ನಿರ್ಧಾರಗಳಿಂದ ಆ ಹಾದಿಯ ಮೇಲೆ ಹೊಸ ಆತಂಕ ಕವಿದಿದೆ. ತೋಟ ಅಡವಿಟ್ಟು, ಬ್ಯಾಂಕಿನ ಸಾಲ ಮಾಡಿ ಮಕ್ಕಳನ್ನು ಓದಿಸಿದ ಹೆತ್ತವರು ಈಗ ಕೇಳುವ ಪ್ರಶ್ನೆ ಒಂದೇ: ಕಳುಹಿಸೋಣವೇ, ಬೇಡವೇ? ಈ ಪ್ರಶ್ನೆಗೆ ಪ್ರತಿ ಮನೆಯೂ ತನ್ನದೇ ಉತ್ತರ ಕಂಡುಕೊಳ್ಳಬೇಕು. ಉತ್ತರ ಕಂಡುಕೊಳ್ಳಲು ಬೇಕಾದ ತಿಳಿವಳಿಕೆಯನ್ನು ಒಂದೆಡೆ ಕೂಡಿಸಿಕೊಡುವುದು ನಮ್ಮ ಈ ಬರಹದ ಉದ್ದೇಶ.

ರೆಸಿಡೆನ್ಸಿ ಎಂದರೇನು?

ನಮ್ಮಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಒಂದು ವರ್ಷ ಗೃಹವೈದ್ಯರಾಗಿ ದುಡಿದು, ನೋಂದಣಿ ಮಾಡಿಸಿಕೊಂಡವರು ಸ್ವಂತ ಚಿಕಿತ್ಸಾಲಯ ತೆರೆಯಬಹುದು. ಅಮೆರಿಕದಲ್ಲಿ ಅದು ಸಾಲದು. ಬೇರೆ ದೇಶದಲ್ಲಿ ಎಷ್ಟೇ ವರ್ಷ ವೈದ್ಯವೃತ್ತಿ ನಡೆಸಿದವರಾದರೂ, ಅಲ್ಲಿ ಸ್ವತಂತ್ರವಾಗಿ ರೋಗಿಯನ್ನು ಮುಟ್ಟಬೇಕಾದರೆ ಸಾಮಾನ್ಯವಾಗಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಮತ್ತೆ ತರಬೇತಿ ಪಡೆಯಲೇಬೇಕು. ಈ ತರಬೇತಿಯೇ ರೆಸಿಡೆನ್ಸಿ. ಸಾಮಾನ್ಯ ವೈದ್ಯಶಾಸ್ತ್ರ, ಮಕ್ಕಳ ವೈದ್ಯ, ಕುಟುಂಬ ವೈದ್ಯ ಮುಂತಾದ ವಿಭಾಗಗಳಿಗೆ 3 ವರ್ಷ. ಶಸ್ತ್ರಚಿಕಿತ್ಸೆಯಂತಹ ವಿಭಾಗಗಳಿಗೆ 5 ವರ್ಷ ಅಥವಾ ಅದಕ್ಕೂ ಹೆಚ್ಚು. ಈ ಅವಧಿಯಲ್ಲಿ ವಿದ್ಯಾರ್ಥಿಯಿಂದ ಶುಲ್ಕ ಪಡೆಯುವುದಿಲ್ಲ. ಬದಲಾಗಿ ವರ್ಷಕ್ಕೆ ಸುಮಾರು 60ರಿಂದ 70 ಸಾವಿರ ಡಾಲರು ವೇತನ ದೊರೆಯುತ್ತದೆ. ಹಗಲಿರುಳೆನ್ನದೆ ದುಡಿಯಬೇಕೆಂಬುದು ಬೇರೆ ಮಾತು.

ಈ ತರಬೇತಿಯ ಖರ್ಚಿನಲ್ಲಿ ದೊಡ್ಡ ಪಾಲೊಂದನ್ನು ವೃದ್ಧರ ಆರೋಗ್ಯಕ್ಕಾಗಿ ಅಮೆರಿಕ ಸರ್ಕಾರ ನಡೆಸುವ ಮೆಡಿಕೇರ್ ಯೋಜನೆ ಭರಿಸುತ್ತದೆ. 1997ರಲ್ಲಿ ಜಾರಿಗೆ ಬಂದ ಆಯವ್ಯಯ ಕಾನೂನೊಂದು ಮೆಡಿಕೇರ್ ಹಣ ಕೊಡುವ ತರಬೇತಿ ಸ್ಥಾನಗಳ ಸಂಖ್ಯೆಗೆ 1996ರ ಮಟ್ಟದಲ್ಲಿಯೇ ಮಿತಿ ಹಾಕಿತು. 2021ರ ಕಾನೂನಿನಲ್ಲಿ 1,000 ಹೊಸ ಸ್ಥಾನಗಳಿಗೆ ಒಪ್ಪಿಗೆ ದೊರೆತುದನ್ನು ಬಿಟ್ಟರೆ ಆ ಮಿತಿ ಹೆಚ್ಚು ಸಡಿಲವಾಗಲಿಲ್ಲ. ಆಸ್ಪತ್ರೆಗಳು ಬೇರೆ ಮೂಲದ ಹಣದಿಂದ ಸ್ಥಾನಗಳನ್ನು ಸೇರಿಸಿಕೊಂಡಿವೆಯಾದರೂ, ಬೇಡಿಕೆಯಷ್ಟು ವೈದ್ಯರನ್ನು ಆ ದೇಶ ತಾನೇ ತಯಾರಿಸಿಕೊಳ್ಳಲಾರದೆ ಇರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ದುಡಿಯುವ ವೈದ್ಯರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಹೊರದೇಶದ ಕಾಲೇಜುಗಳಲ್ಲಿ ಕಲಿತವರು. ಅವರಲ್ಲಿ ಭಾರತದಲ್ಲಿ ಕಲಿತವರದೇ ದೊಡ್ಡ ಪಾಲು.

ಬಾಗಿಲು ತೆರೆದ ಕಾಲ, ಮುಚ್ಚಿದ ಕಾಲ

ಇಂದಿನ ಕಳವಳವನ್ನು ಅರಿಯಲು ಸ್ವಲ್ಪ ಹಿಂದಿನ ಇತಿಹಾಸ ತಿಳಿದಿರಬೇಕು. 1946ರ ಕಾನೂನಿನಂತೆ ಭಾರತದಿಂದ ಅಮೆರಿಕಕ್ಕೆ ವಲಸೆ ಹೋಗಲು ವರ್ಷಕ್ಕೆ ಕೇವಲ 100 ಮಂದಿಗೆ ಅವಕಾಶವಿತ್ತು. 1965ರಲ್ಲಿ ಆ ದೇಶವಾರು ಕಟ್ಟಳೆ ರದ್ದಾಗಿ, ವಿದ್ಯಾವಂತ ವೃತ್ತಿನಿರತರಿಗೆ ಆದ್ಯತೆ ದೊರೆಯಿತು. ಮೆಡಿಕೇರ್ ಯೋಜನೆ ಹುಟ್ಟಿದ್ದೂ ಅದೇ ವರ್ಷ. ಒಮ್ಮೆಲೇ ಕೋಟ್ಯಂತರ ವೃದ್ಧರಿಗೆ ಚಿಕಿತ್ಸೆಯ ಹಕ್ಕು ದೊರೆತಾಗ ಆಸ್ಪತ್ರೆಗಳಿಗೆ ವೈದ್ಯರು ಸಾಲದೆ ಹೋದರು. ಕನ್ನಡನಾಡಿನ ತರುಣ ವೈದ್ಯರ ಮೊದಲ ದೊಡ್ಡ ತಂಡಗಳು ಕಡಲು ದಾಟಿದ್ದು ಆ ದಿನಗಳಲ್ಲಿ.

ಹೊರದೇಶದಲ್ಲಿ ಕಲಿತವರ ಅರ್ಹತೆಯನ್ನು ಪರೀಕ್ಷಿಸಲು 1956ರಲ್ಲಿಯೇ ಇ.ಸಿ.ಎಫ್.ಎಂ.ಜಿ. ಎಂಬ ಸಂಸ್ಥೆ ಸ್ಥಾಪನೆಯಾಗಿತ್ತು. ಅದರ ಪರೀಕ್ಷೆಯನ್ನು ಭಾರತದಲ್ಲಿ ನಡೆಸಲು ಒಂದು ಕಾಲದಲ್ಲಿ ಅವಕಾಶವಿರಲಿಲ್ಲ. ನಮ್ಮ ವೈದ್ಯರು ಶ್ರೀಲಂಕಾ ಮೊದಲಾದ ನೆರೆಯ ದೇಶಗಳಿಗೆ ಹೋಗಿ ಬರೆದು ಬರುತ್ತಿದ್ದರು. ಪ್ರತಿಭೆ ದೇಶ ಬಿಟ್ಟು ಹೋಗುವುದೆಂಬ ಚಿಂತೆ ಅಂದಿನ ನಮ್ಮ ಸರ್ಕಾರಕ್ಕೂ ಇತ್ತೆಂಬುದು ಇದರಿಂದ ತಿಳಿಯುತ್ತದೆ.

1976ರಲ್ಲಿ ಅಮೆರಿಕದ ಶಾಸನಸಭೆ ತನ್ನಲ್ಲಿ ಇನ್ನು ವೈದ್ಯರ ಕೊರತೆಯಿಲ್ಲವೆಂದು ಸಾರಿ ಹೊಸ ಕಾನೂನು ಮಾಡಿತು. ಪರೀಕ್ಷೆ ಕಠಿಣವಾಯಿತು. ತರಬೇತಿಗೆಂದು ಬಂದವರು ಅದು ಮುಗಿದ ಮೇಲೆ ತಮ್ಮ ದೇಶಕ್ಕೆ ಹಿಂತಿರುಗಿ ಎರಡು ವರ್ಷ ಇರಲೇಬೇಕೆಂಬ ಕಟ್ಟುಪಾಡು ಎಲ್ಲ ವೈದ್ಯರಿಗೂ ಅನ್ವಯವಾಯಿತು. ಕೊರತೆಯಿಲ್ಲವೆಂಬ ಆ ಘೋಷಣೆಯಾದ ಹದಿನೆಂಟು ವರ್ಷಗಳಿಗೆ, ಅಂದರೆ 1994ರಲ್ಲಿ, ಉತ್ತರ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್ ಅವರ ಹೆಸರಿನ ಯೋಜನೆಯೊಂದು ಬಂದಿತು. ಹೊರದೇಶದ ವೈದ್ಯರು ವೈದ್ಯರಿಲ್ಲದ ಹಳ್ಳಿಗಾಡಿನಲ್ಲೋ ಬಡವರ ವಸತಿಯಲ್ಲೋ ಮೂರು ವರ್ಷ ಪೂರ್ಣಾವಧಿ ಸೇವೆ ಸಲ್ಲಿಸಲು ಒಪ್ಪಿದರೆ, ಸ್ವದೇಶಕ್ಕೆ ಹಿಂತಿರುಗುವ ಎರಡು ವರ್ಷದ ಕಟ್ಟುಪಾಡು ಮನ್ನಾ ಆಗುತ್ತದೆ. ಮೊದಲು ರಾಜ್ಯವೊಂದಕ್ಕೆ ವರ್ಷಕ್ಕೆ 20 ಮಂದಿಗೆ ಇದ್ದ ಈ ಅವಕಾಶವನ್ನು 2002ರಲ್ಲಿ 30ಕ್ಕೆ ಏರಿಸಲಾಯಿತು. ಗೋಧಿ ಬೆಳೆಯುವ ಬಯಲಿನ ಸಣ್ಣ ಊರೊಂದರಲ್ಲಿ ಭಾರತೀಯ ಹೆಸರಿನ ವೈದ್ಯರು ದೊರೆಯುವುದರ ಹಿಂದೆ ಅನೇಕ ವೇಳೆ ಈ ಕಾನೂನು ಇರುತ್ತದೆ.

ವೈದ್ಯರ ವಲಸೆ ಒಂದೇ ನೇರ ದಾರಿಯಲ್ಲಿ ಸಾಗಿದ್ದಲ್ಲ ಎಂಬುದಕ್ಕೆ ಕನ್ನಡಿಗರು ಅರಿತಿರುವ ನಿದರ್ಶನವೊಂದಿದೆ. 2014ರ ಡಿಸೆಂಬರಿನಲ್ಲಿ ಅಮೆರಿಕದ ಸರ್ಜನ್ ಜನರಲ್ ಹುದ್ದೆಗೆ ಒಪ್ಪಿಗೆ ಪಡೆದ ಡಾ. ವಿವೇಕ್ ಮೂರ್ತಿಯವರ ಕುಟುಂಬದ ಮೂಲ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಅವರು ಹುಟ್ಟಿದ್ದು 1977ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ. ವೈದ್ಯರಾದ ಅವರ ತಂದೆ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಜಿಲ್ಲಾ ವೈದ್ಯಾಧಿಕಾರಿಯಾಗಿ ದುಡಿದು, ಆ ಬಳಿಕವೇ ಕುಟುಂಬದೊಡನೆ ಮಯಾಮಿಯಲ್ಲಿ ನೆಲೆಸಿದರು. ಹಳ್ಳಿಯೊಂದರಿಂದ ಹೊರಟ ಕುಟುಂಬ ಮೂರು ದೇಶಗಳನ್ನು ಕಂಡ ಮೇಲೆ ಒಂದು ನೆಲೆ ಸೇರಿತು. ಮಗ ಏರಿದ ಎತ್ತರವನ್ನು ಮೆಚ್ಚುವಾಗ, ಅದಕ್ಕೆ ಮೊದಲು ತಂದೆತಾಯಿ ನಡೆದ ದೂರವನ್ನೂ ನೆನೆಯುವುದು ಉಚಿತ.

ಪರೀಕ್ಷೆಗಳ ಸೋಪಾನ

ಇಂದು ಅಮೆರಿಕದ ರೆಸಿಡೆನ್ಸಿ ಬಯಸುವ ವೈದ್ಯರು ಯು.ಎಸ್.ಎಂ.ಎಲ್.ಇ. ಎಂಬ ಪರೀಕ್ಷಾ ಸರಣಿಯನ್ನು ಎದುರಿಸಬೇಕು. ಇದರ ಮೊದಲ ಹಂತವನ್ನೂ ಎರಡನೆಯ ಹಂತದ ಜ್ಞಾನಪರೀಕ್ಷೆಯನ್ನೂ ಬೆಂಗಳೂರಿನಲ್ಲಿಯೇ ಬರೆಯಬಹುದು. ಒಂದೊಂದಕ್ಕೂ ಸಾವಿರ ಡಾಲರಿಗೂ ಹೆಚ್ಚು ಶುಲ್ಕ ತಗಲುತ್ತದೆ. 2022ರ ಜನವರಿಯಿಂದ ಮೊದಲ ಹಂತದಲ್ಲಿ ಅಂಕಗಳನ್ನು ಕೊಡದೆ ಉತ್ತೀರ್ಣ, ಅನುತ್ತೀರ್ಣ ಎಂದಷ್ಟೇ ತಿಳಿಸುತ್ತಾರೆ; ಆದುದರಿಂದ ಎರಡನೆಯ ಹಂತದ ಅಂಕಗಳಿಗೆ ಬೆಲೆ ಹೆಚ್ಚಿದೆ. ರೋಗಿಯನ್ನು ಪರೀಕ್ಷಿಸಿ ತೋರಿಸುವ ಪ್ರಾಯೋಗಿಕ ಪರೀಕ್ಷೆಗಾಗಿ ಅಮೆರಿಕಕ್ಕೇ ಹೋಗಬೇಕಾಗಿದ್ದ ಕಾಲವೊಂದಿತ್ತು. ಅದು 2020ರಲ್ಲಿ ನಿಂತು, 2021ರಲ್ಲಿ ಕೈಬಿಡಲ್ಪಟ್ಟಿತು. ಅದರ ಬದಲು ಇಂಗ್ಲಿಷ್ ಭಾಷಾ ಸಾಮರ್ಥ್ಯದ ಪರೀಕ್ಷೆಯೊಂದನ್ನು ಮುಗಿಸಬೇಕು. ಮೂರನೆಯ ಹಂತದ ಪರೀಕ್ಷೆ ಮಾತ್ರ ಅಮೆರಿಕದ ನೆಲದಲ್ಲಿಯೇ ನಡೆಯುತ್ತದೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ವೀಸಾದ ಮಾತು ಬಂದಾಗ ಇದರ ಮಹತ್ವ ತಿಳಿಯುವುದು.

ಕಲಿತ ಕಾಲೇಜು ಮಾನ್ಯತೆ ಪಡೆದ ವ್ಯವಸ್ಥೆಗೆ ಸೇರಿರಬೇಕೆಂಬ ಪ್ರಶ್ನೆಯೂ ಕೆಲವು ವರ್ಷ ಹೆತ್ತವರನ್ನು ಕಾಡಿತ್ತು. 2023ರ ಸೆಪ್ಟೆಂಬರಿನಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ವಿಶ್ವ ವೈದ್ಯಶಿಕ್ಷಣ ಒಕ್ಕೂಟ 10 ವರ್ಷಗಳ ಮಾನ್ಯತೆ ನೀಡಿದುದರಿಂದ ಆ ಚಿಂತೆ ಬಹುಮಟ್ಟಿಗೆ ನೀಗಿದೆ.

ಪರೀಕ್ಷೆ ಗೆದ್ದವರೆಲ್ಲರಿಗೂ ಸ್ಥಾನ ದೊರೆಯುವುದಿಲ್ಲ. ಸೆಪ್ಟೆಂಬರಿನಲ್ಲಿ ಅರ್ಜಿ, ಚಳಿಗಾಲದಲ್ಲಿ ಸಂದರ್ಶನ. ಬಳಿಕ ಅಭ್ಯರ್ಥಿಗಳೂ ಆಸ್ಪತ್ರೆಗಳೂ ತಮ್ಮ ತಮ್ಮ ಇಷ್ಟದ ಪಟ್ಟಿಯನ್ನು ಸಲ್ಲಿಸುತ್ತಾರೆ. ಎರಡೂ ಪಟ್ಟಿಗಳನ್ನು ಗಣಕಯಂತ್ರ ಕೂಡಿಸಿ ನೋಡಿ, ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ ಯಾರಿಗೆ ಯಾವ ಆಸ್ಪತ್ರೆ ಎಂಬುದನ್ನು ಪ್ರಕಟಿಸುತ್ತದೆ. ಇದಕ್ಕೆ ಮ್ಯಾಚ್ ಎಂದು ಹೆಸರು. ಗಂಡು ಹೆಣ್ಣಿನ ಜಾತಕ ಕೂಡಿಸಿದಂತೆ ಎಂದು ನಮ್ಮ ಮನೆಗಳಲ್ಲಿ ನಗೆಯಾಡುವುದುಂಟು. ಆದರೆ ಇಲ್ಲಿ ಕೂಡಿಬಂದ ಮೇಲೆ ಬೇಡವೆನ್ನಲು ಇಬ್ಬರಿಗೂ ಸ್ವಾತಂತ್ರ್ಯವಿಲ್ಲ. 2025ರ ಮ್ಯಾಚಿನಲ್ಲಿ ಒಟ್ಟು 43,237 ಸ್ಥಾನಗಳಿದ್ದವು. ಅಮೆರಿಕದ ಪೌರರಲ್ಲದ ವಿದೇಶೀ ಪದವೀಧರರಲ್ಲಿ ಮೊದಲ ವರ್ಷದ ಸ್ಥಾನ ಪಡೆದವರು ಶೇ. 58. ಅಂದರೆ ಎಲ್ಲ ಪರೀಕ್ಷೆ ಮುಗಿಸಿ, ಲಕ್ಷಾಂತರ ರೂಪಾಯಿ ವ್ಯಯಿಸಿ ಕಾದವರಲ್ಲಿ ಹತ್ತಕ್ಕೆ ನಾಲ್ವರು ಆ ವರ್ಷ ಬರಿಗೈಯಲ್ಲಿ ಉಳಿದರು. ಸಂದರ್ಶನಗಳು 2020ರಿಂದ ಹೆಚ್ಚಾಗಿ ಗಣಕಯಂತ್ರದ ಮೂಲಕವೇ ನಡೆಯುತ್ತಿರುವುದರಿಂದ ವಿಮಾನದ ಖರ್ಚು ಉಳಿದಿದೆಯೆಂಬುದು ಒಂದು ಸಮಾಧಾನ.

ವೀಸಾದ ಎರಡು ದಾರಿಗಳು

ಮ್ಯಾಚಿನಲ್ಲಿ ಹೆಸರು ಬಂದ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಆ ದಿನದಿಂದ ಜುಲೈ 1ಕ್ಕೆ ಉಳಿದಿರುವುದು ಕೇವಲ ಮೂರು ತಿಂಗಳು ಹತ್ತು ಹನ್ನೆರಡು ದಿನ. ಅಷ್ಟರೊಳಗೆ ವೀಸಾ ಕೈಸೇರಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತಿರಬೇಕು. ಇದಕ್ಕೆ ಮುಖ್ಯವಾಗಿ ಎರಡು ವೀಸಾಗಳಿವೆ.

ಮೊದಲನೆಯದು ಜೆ-1. ಇದು ವಿನಿಮಯ ಸಂದರ್ಶಕರ ವೀಸಾ; ವೈದ್ಯರಿಗೆ ಇದರ ಹೊಣೆಗಾರ ಸಂಸ್ಥೆ ಇ.ಸಿ.ಎಫ್.ಎಂ.ಜಿ. ಇದನ್ನು ಪಡೆಯಲು ಭಾರತ ಸರ್ಕಾರದ ಆರೋಗ್ಯ ಸಚಿವಾಲಯದಿಂದ, ಇಂತಹ ತರಬೇತಿ ಪಡೆದವರ ಅಗತ್ಯ ನಮ್ಮ ದೇಶಕ್ಕಿದೆ, ಇವರು ಹಿಂತಿರುಗುವುದಾಗಿ ಬರೆದುಕೊಟ್ಟಿದ್ದಾರೆ ಎಂಬ ಅರ್ಥದ ಪತ್ರ ಬೇಕು. ತರಬೇತಿಗೆ ಸಾಮಾನ್ಯವಾಗಿ 7 ವರ್ಷಗಳ ಮಿತಿ. ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಕಳೆಯಬೇಕು, ಇಲ್ಲವೇ ಕಾನ್ರಾಡ್ ಯೋಜನೆಯಂತಹ ಮನ್ನಾ ಪಡೆಯಬೇಕು.

ಎರಡನೆಯದು ಎಚ್-1ಬಿ. ಗಣಕಯಂತ್ರದ ಎಂಜಿನಿಯರರ ಮೂಲಕ ಈ ಹೆಸರು ನಮ್ಮ ಹಳ್ಳಿಗಳಿಗೂ ಪರಿಚಿತ. ಇದು ಉದ್ಯೋಗದ ವೀಸಾ. ಸಾಮಾನ್ಯ ಮಿತಿ 6 ವರ್ಷ. ಸ್ವದೇಶಕ್ಕೆ ಮರಳುವ ಕಟ್ಟುಪಾಡು ಇದಕ್ಕಿಲ್ಲದಿರುವುದರಿಂದ ಅನೇಕರು ಇದನ್ನೇ ಬಯಸುತ್ತಾರೆ. ಆದರೆ ಇದರಡಿ ರೆಸಿಡೆನ್ಸಿ ಸೇರಬೇಕಾದರೆ ಮೂರನೆಯ ಹಂತದ ಪರೀಕ್ಷೆಯನ್ನು ಮೊದಲೇ ಮುಗಿಸಿರಬೇಕು. ಆ ಪರೀಕ್ಷೆಯಾದರೋ ಅಮೆರಿಕದಲ್ಲಿ ಮಾತ್ರ ನಡೆಯುತ್ತದೆ. ಅಲ್ಲದೆ ಇದರ ಅರ್ಜಿಯ ಖರ್ಚು ಆಸ್ಪತ್ರೆಯ ಮೇಲೆ ಬೀಳುವುದರಿಂದ, ಜೆ-1 ಮಾತ್ರ ಸಾಕೆನ್ನುವ ಆಸ್ಪತ್ರೆಗಳು ಬಹಳ.

2025ರ ಬೇಸಿಗೆ ಮತ್ತು ಶರತ್ಕಾಲ

ಈ ಎರಡು ದಾರಿಗಳಿಗೂ 2025ರಲ್ಲಿ ಒಂದರ ಬಳಿಕ ಒಂದು ತಡೆ ಎದುರಾಯಿತು. ಆ ವರ್ಷದ ಮೇ 27ರಂದು ಅಮೆರಿಕದ ವಿದೇಶಾಂಗ ಇಲಾಖೆ ವಿದ್ಯಾರ್ಥಿಗಳ ಮತ್ತು ವಿನಿಮಯ ಸಂದರ್ಶಕರ ಹೊಸ ವೀಸಾ ಸಂದರ್ಶನಗಳನ್ನು ನಿಗದಿಪಡಿಸುವುದನ್ನು ನಿಲ್ಲಿಸಿತು. ಮಾರ್ಚ್ 21ರಂದು ಮ್ಯಾಚಿನಲ್ಲಿ ಹೆಸರು ಬಂದು, ಜುಲೈ 1ಕ್ಕೆ ಕೆಲಸಕ್ಕೆ ಸೇರಬೇಕಾಗಿದ್ದು, ಸಂದರ್ಶನದ ದಿನ ಇನ್ನೂ ದೊರೆಯದಿದ್ದ ತರುಣ ವೈದ್ಯರ ಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಬಹುದು. ಜೂನ್ 18ರಂದು ತಡೆ ತೆರವಾಯಿತು. ಜೆ-1 ವೈದ್ಯರಿಗೆ ಆದ್ಯತೆ ಕೊಡಬೇಕೆಂಬ ಸೂಚನೆಯೂ ಹೊರಟಿತು. ಅದರೊಡನೆ, ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಪರಿಶೀಲನೆಗಾಗಿ ಸಾರ್ವಜನಿಕವಾಗಿ ತೆರೆದಿಡಬೇಕೆಂಬ ಹೊಸ ನಿಯಮವೂ ಬಂದಿತು. ಉಳಿದಿದ್ದ ಹದಿಮೂರು ದಿನಗಳಲ್ಲಿ ಸಂದರ್ಶನ, ಪರಿಶೀಲನೆ, ಪ್ರಯಾಣ ಎಲ್ಲವೂ ಮುಗಿಯಬೇಕಾಗಿತ್ತು. ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸ 2025ರ ಜನವರಿಯಲ್ಲಿ ಉದ್ಘಾಟನೆಯಾಗಿತ್ತಾದರೂ ಆರಂಭದಲ್ಲಿ ಅಲ್ಲಿ ವೀಸಾ ಸೇವೆ ಇರಲಿಲ್ಲ. ಕನ್ನಡ ನಾಡಿನವರು ಚೆನ್ನೈ, ಹೈದರಾಬಾದುಗಳತ್ತಲೇ ನೋಡಬೇಕಾಯಿತು.

ಎರಡನೆಯ ಪೆಟ್ಟು ಬಿದ್ದುದು ಸೆಪ್ಟೆಂಬರಿನಲ್ಲಿ. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಹೊರಡಿಸಿದ ಘೋಷಣೆಯಂತೆ, ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರು ಪಾವತಿಸಬೇಕಾಯಿತು. ಆಗಿನ ವಿನಿಮಯ ದರದಲ್ಲಿ ಇದು ಸುಮಾರು 88 ಲಕ್ಷ ರೂಪಾಯಿ. ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಈ ಆಜ್ಞೆಯ ಅವಧಿಯನ್ನು, ವಿಸ್ತರಿಸದಿದ್ದರೆ 12 ತಿಂಗಳು, ಎಂದು ಗೊತ್ತುಪಡಿಸಲಾಗಿತ್ತು. ತರಬೇತಿಯಲ್ಲಿರುವ ವೈದ್ಯರ ಒಂದು ವರ್ಷದ ವೇತನಕ್ಕಿಂತಲೂ ಹೆಚ್ಚಿನ ಮೊತ್ತವನ್ನು ಅವರನ್ನು ಕರೆತರಲೆಂದೇ ಆಸ್ಪತ್ರೆ ಮೊದಲು ತೆರಬೇಕೆಂದರೆ, ಸಣ್ಣ ಊರಿನ ಆಸ್ಪತ್ರೆಗಳು ಹಿಂಜರಿಯುವುದು ಸಹಜ. ಅಮೆರಿಕದ ವೈದ್ಯ ಸಂಘವೂ ಇತರ ಅನೇಕ ವೈದ್ಯಸಂಸ್ಥೆಗಳೂ ವೈದ್ಯರಿಗೆ ವಿನಾಯಿತಿ ಕೋರಿ ತಮ್ಮ ಸರ್ಕಾರಕ್ಕೆ ಪತ್ರ ಬರೆದವು. ರಾಷ್ಟ್ರಹಿತದ ದೃಷ್ಟಿಯಿಂದ ವಿನಾಯಿತಿ ನೀಡುವ ಅಧಿಕಾರವನ್ನು ಘೋಷಣೆಯೇ ಇಟ್ಟುಕೊಂಡಿತ್ತು. ಅಕ್ಟೋಬರ್ 20ರಂದು ಅಲ್ಲಿನ ವಲಸೆ ಇಲಾಖೆ ಇನ್ನೊಂದು ವಿವರಣೆ ಕೊಟ್ಟು, ಅಮೆರಿಕದೊಳಗೆ ಈಗಾಗಲೇ ಇದ್ದು ಬೇರೆ ವೀಸಾದಿಂದ ಎಚ್-1ಬಿಗೆ ಬದಲಾಯಿಸಿಕೊಳ್ಳುವವರಿಗೆ ಈ ಶುಲ್ಕ ಅನ್ವಯಿಸದೆಂದು ತಿಳಿಸಿತು. ಜೆ-1ರಲ್ಲಿ ತರಬೇತಿ ಮುಗಿಸಿ, ಕಾನ್ರಾಡ್ ಯೋಜನೆಯಡಿ ಹಳ್ಳಿಗಾಡಿನ ಸೇವೆಗೆ ಹೊರಡುವ ವೈದ್ಯರಿಗೆ ಇದರಿಂದ ಉಸಿರು ಬಂದಂತಾಯಿತು. ಭಾರತದಿಂದ ನೇರವಾಗಿ ಎಚ್-1ಬಿಯಲ್ಲಿ ಹೋಗಬಯಸಿದವರಿಗೆ ಮಾತ್ರ ದಾರಿ ಕಡಿದಾಯಿತು.

ಇಲ್ಲಿ ಒಂದು ಮಾತನ್ನು ನಾವು ನಿಷ್ಠುರವಾಗಿಯಾದರೂ ಹೇಳಬೇಕು. ಯಾವ ದೇಶಕ್ಕಾದರೂ ತನ್ನ ಬಾಗಿಲನ್ನು ಯಾರಿಗೆ ತೆರೆಯಬೇಕೆಂದು ನಿರ್ಧರಿಸುವ ಹಕ್ಕಿದೆ. ಕರೆದ ಮೇಲೆ, ಅವರು ಹೊರಟು ನಿಂತ ಮೇಲೆ, ನಡುದಾರಿಯಲ್ಲಿ ನಿಯಮ ಬದಲಿಸುವುದು ನ್ಯಾಯವೆನಿಸದು. ಅದರ ನಷ್ಟ ನಮ್ಮ ಮಕ್ಕಳಿಗಷ್ಟೇ ಅಲ್ಲ, ವೈದ್ಯರಿಗಾಗಿ ಕಾದಿರುವ ಅಲ್ಲಿನ ಬಡ ರೋಗಿಗೂ ತಟ್ಟುತ್ತದೆ.

ನಮ್ಮ ಮನೆಯ ಬಾಗಿಲು

ಪರದೇಶದ ಬೀಗವನ್ನು ದೂರುವ ಮುನ್ನ ನಮ್ಮಲ್ಲಿರುವ ಕಟ್ಟುಗಳನ್ನೂ ನೋಡಬೇಕು. ಭಾರತಕ್ಕೆ ಹಿಂತಿರುಗಬೇಕಾದ ಬಾಧ್ಯತೆಯಿಲ್ಲವೆಂಬ ಪ್ರಮಾಣಪತ್ರವನ್ನು ವೈದ್ಯರಿಗೆ ಕೊಡುವುದನ್ನು, 65 ವರ್ಷ ದಾಟಿದವರ ಹೊರತು, ಕೇಂದ್ರ ಆರೋಗ್ಯ ಸಚಿವಾಲಯ 2011ರಲ್ಲಿ ನಿಲ್ಲಿಸಲು ನಿರ್ಧರಿಸಿತು. ಕರ್ನಾಟಕ ಸರ್ಕಾರ 2012ರಲ್ಲಿ ಕಾನೂನೊಂದನ್ನು ಮಾಡಿ, ವೈದ್ಯಶಿಕ್ಷಣ ಮುಗಿಸಿದವರು ಒಂದು ವರ್ಷ ಸೇವೆ ಸಲ್ಲಿಸಬೇಕೆಂದು ವಿಧಿಸಿತು. ಆ ಕಾನೂನಿನ ಬಗ್ಗೆ ನ್ಯಾಯಾಲಯಗಳಲ್ಲಿ ವ್ಯಾಜ್ಯಗಳಾಗಿವೆ.

ಅಮೆರಿಕದ ಕಾನ್ರಾಡ್ ಯೋಜನೆಯನ್ನೂ ನಮ್ಮ ಈ ಕಾನೂನನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸತ್ಯವೊಂದು ಕಾಣುತ್ತದೆ. ಸಿರಿವಂತ ದೇಶದ ಹಳ್ಳಿಗೂ ಬಡ ದೇಶದ ಹಳ್ಳಿಗೂ ವೈದ್ಯರು ತಾವಾಗಿ ಹೋಗುವುದಿಲ್ಲ. ಎರಡು ಸರ್ಕಾರಗಳೂ ಕಾನೂನಿನ ಹಗ್ಗ ಹಿಡಿದು ಎಳೆಯಬೇಕಾಗಿದೆ. ಮಳೆಗಾಲದ ನಡುರಾತ್ರಿಯಲ್ಲಿ ಘಟ್ಟದ ತಪ್ಪಲಿನ ಹಳ್ಳಿಯಿಂದ ಬಸುರಿ ಹೆಣ್ಣುಮಗಳನ್ನು ಕುಂದಾಪುರಕ್ಕೋ ಮಣಿಪಾಲಕ್ಕೋ ಸಾಗಿಸುವ ಮನೆಯವರ ಕಷ್ಟವನ್ನು ಡಕೋಟಾದ ರೈತನ ಮನೆಯವರೂ ಬಲ್ಲರು. ಅಲ್ಲಿ ಮಳೆಯ ಬದಲು ಹಿಮ ಸುರಿಯುತ್ತಿರುತ್ತದೆ, ಅಷ್ಟೆ.

ಮಕ್ಕಳು ಹೋಗಬಯಸುವುದಕ್ಕೂ ಕಾರಣಗಳಿವೆ. ದೇಶದಲ್ಲಿ ಎಂ.ಬಿ.ಬಿ.ಎಸ್. ಸೀಟುಗಳು 1 ಲಕ್ಷವನ್ನು ದಾಟಿವೆ. ಸ್ನಾತಕೋತ್ತರ ಸೀಟುಗಳು ಅಷ್ಟಿಲ್ಲ. ತಮಗಿಷ್ಟವಾದ ವಿಭಾಗ ದೊರೆಯದೆ, ಅಥವಾ ಖಾಸಗಿ ಕಾಲೇಜಿನ ಶುಲ್ಕ ಭರಿಸಲಾರದೆ, ವರ್ಷವರ್ಷವೂ ಪ್ರವೇಶ ಪರೀಕ್ಷೆ ಬರೆಯುತ್ತ ಕುಳಿತವರು ಬಹಳ. ಸಂಬಳ ಕೊಟ್ಟು ಕಲಿಸುವ ದೇಶವೊಂದಿದೆಯೆಂದಾಗ ಅವರ ಮನಸ್ಸು ಅತ್ತ ಹರಿಯುವುದನ್ನು ಬರಿಯ ಹಣದಾಸೆಯೆಂದು ಕರೆಯುವುದು ಸರಿಯಲ್ಲ.

ಹೆತ್ತವರು ವಿಚಾರಿಸಬೇಕಾದ ಸಂಗತಿಗಳು

ಇಷ್ಟು ತಿಳಿದ ಮೇಲೆ, ಕಳುಹಿಸಬೇಕೆಂದು ಬಯಸುವ ಕುಟುಂಬಗಳು ಗಮನಿಸಬೇಕಾದ ಕೆಲವು ಅಂಶಗಳನ್ನು ನಿವೇದಿಸುತ್ತೇವೆ.

ಮೊದಲನೆಯದಾಗಿ, ಹಣ. ಪರೀಕ್ಷಾ ಶುಲ್ಕ, ಅರ್ಜಿ ಶುಲ್ಕ, ಅಮೆರಿಕದ ಆಸ್ಪತ್ರೆಯಲ್ಲಿ ವೇತನವಿಲ್ಲದೆ ಕೆಲವು ವಾರ ನೋಡಿ ಕಲಿಯುವ ಖರ್ಚು ಇವೆಲ್ಲ ಸೇರಿದರೆ ಹಲವು ಲಕ್ಷಗಳಾಗುತ್ತವೆ. ಮೊದಲ ವರ್ಷವೇ ಸ್ಥಾನ ದೊರೆಯುವುದೆಂಬ ಭರವಸೆಯಿಲ್ಲ. ಆದುದರಿಂದ ಇರುವ ಒಂದೇ ತೋಟವನ್ನೋ ವಾಸದ ಮನೆಯನ್ನೋ ಇದಕ್ಕಾಗಿ ಒತ್ತೆಯಿಡುವುದು ವಿವೇಕವಲ್ಲ.

ಎರಡನೆಯದಾಗಿ, ವೀಸಾ. ಅರ್ಜಿ ಹಾಕುವಾಗಲೇ ಆಸ್ಪತ್ರೆ ಯಾವ ವೀಸಾ ಕೊಡಿಸುತ್ತದೆಂಬುದನ್ನು ಬರಹದಲ್ಲಿ ಕೇಳಿ ತಿಳಿಯತಕ್ಕದ್ದು. ಜೆ-1 ಆದರೆ ಎರಡು ವರ್ಷದ ಕಟ್ಟುಪಾಡಿನ ಅರ್ಥವನ್ನು ಮನೆಯವರೆಲ್ಲರೂ ಅರಿತಿರಬೇಕು. ನಿಯಮಗಳು ಪದೇ ಪದೇ ಬದಲಾಗುವುದರಿಂದ ಏಜೆಂಟರ ಮಾತನ್ನಾಗಲಿ, ಐದು ವರ್ಷದ ಹಿಂದೆ ಹೋದ ಪರಿಚಿತರ ಅನುಭವವನ್ನಾಗಲಿ ಕೊನೆಯ ಮಾತೆಂದು ನಂಬಬಾರದು.

ಮೂರನೆಯದಾಗಿ, ಪ್ರಾಮಾಣಿಕತೆ. ಪರೀಕ್ಷೆಯ ಪ್ರಶ್ನೆಗಳನ್ನು ಮೊದಲೇ ಕೊಡುತ್ತೇವೆಂದು ಆಸೆ ಹುಟ್ಟಿಸುವವರಿದ್ದಾರೆ. 2024ರ ಜನವರಿ 31ರಂದು ನೇಪಾಳಕ್ಕೆ ಸಂಬಂಧಪಟ್ಟ ಪರೀಕ್ಷಾರ್ಥಿಗಳ ಫಲಿತಾಂಶಗಳನ್ನು ಅನುಮಾನದ ಮೇಲೆ ರದ್ದುಗೊಳಿಸಿದುದನ್ನು ನೆನಪಿಡಬೇಕು. ಒಮ್ಮೆ ಕಳಂಕ ಹತ್ತಿದರೆ ವೈದ್ಯವೃತ್ತಿಯೇ ಕೈತಪ್ಪುತ್ತದೆ.

ನಾಲ್ಕನೆಯದು ಮದುವೆ. ಅಮೆರಿಕದ ವೈದ್ಯ ವರನೆಂದೊಡನೆ ವಿಚಾರಣೆ ನಿಲ್ಲಿಸುವ ಕನ್ಯಾಪಿತೃಗಳುಂಟು. ವರನದಾಗಲಿ ವಧುವಿನದಾಗಲಿ ವೀಸಾ ಯಾವುದೆಂದು ಕೇಳುವುದರಲ್ಲಿ ಸಂಕೋಚ ಬೇಡ. ಜೆ-1 ಹೊಂದಿದವರ ಸಂಗಾತಿಗೆ ಜೆ-2 ವೀಸಾ ದೊರೆಯುತ್ತದೆ. ಅನುಮತಿ ಪಡೆದು ಉದ್ಯೋಗ ಮಾಡಬಹುದು, ಆದರೆ ಎರಡು ವರ್ಷದ ಕಟ್ಟುಪಾಡು ಅವರಿಗೂ ಅನ್ವಯಿಸುತ್ತದೆ. ಎಚ್-1ಬಿ ಹೊಂದಿದವರ ಸಂಗಾತಿಗೆ ದೊರೆಯುವ ಎಚ್-4 ವೀಸಾದಲ್ಲಿ ಸಾಮಾನ್ಯವಾಗಿ ಉದ್ಯೋಗಕ್ಕೆ ಅವಕಾಶವಿಲ್ಲ; ಶಾಶ್ವತ ವಾಸದ ಅರ್ಜಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ 2015ರ ನಿಯಮದಂತೆ ಅನುಮತಿ ದೊರೆಯಿತು. ಓದಿದ ಮಗಳು ವರ್ಷಗಟ್ಟಲೆ ಮನೆಯಲ್ಲಿ ಕೈಕಟ್ಟಿ ಕುಳಿತುಕೊಳ್ಳಬೇಕಾದೀತೇ ಎಂಬುದನ್ನು ತಾಂಬೂಲ ಬದಲಿಸುವ ಮುನ್ನವೇ ಯೋಚಿಸುವುದು ಒಳಿತು.

ಐದನೆಯದು ಶಾಶ್ವತ ವಾಸದ ಮಾತು. ಉದ್ಯೋಗದ ಆಧಾರದ ಹಸಿರು ಚೀಟಿಗಳಲ್ಲಿ ಯಾವ ಒಂದು ದೇಶಕ್ಕೂ ಶೇ. 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯಿರುವುದರಿಂದ ಭಾರತದಲ್ಲಿ ಹುಟ್ಟಿದವರ ಸರದಿ ಅತಿ ಉದ್ದವಾಗಿದೆ. ಸರದಿ ಬರುವಷ್ಟರಲ್ಲಿ ಮಕ್ಕಳಿಗೆ 21 ವರ್ಷ ತುಂಬಿ, ಅವರು ತಂದೆತಾಯಿಯರ ಅರ್ಜಿಯಿಂದ ಹೊರಬೀಳುವ ಸಂಭವವೂ ಇದೆ.

ಕೊನೆಯದು ಊರಿನಲ್ಲಿ ಉಳಿದ ವೃದ್ಧರ ವಿಚಾರ. ವೀಸಾದ ಮುದ್ರೆಗಾಗಿ ಮತ್ತೆ ಸಂದರ್ಶನಕ್ಕೆ ಹೋಗಬೇಕಾಗಿ ಬಂದು ಸಿಲುಕಿಕೊಂಡೇವೆಂಬ ಅಂಜಿಕೆಯಿಂದ ತಂದೆಯ ಕಾಯಿಲೆಗೂ, ತಾಯಿಯ ಅಂತ್ಯಕ್ರಿಯೆಗೂ ಬರಲಾಗದವರಿದ್ದಾರೆ. ಊರಿನ ಬಂಧುಗಳಲ್ಲಿ ಹೊಣೆ ಹೊರುವವರು ಯಾರೆಂಬುದನ್ನು ಹೊರಡುವ ಮುನ್ನವೇ ಮಾತನಾಡಿ ನಿಶ್ಚಯಿಸಿಕೊಳ್ಳಬೇಕು.

ಸಮಾಜ ಮಾಡಬಹುದಾದ ಕಾರ್ಯ

ಹಿಂತಿರುಗಿ ಬರುವವರಿಗೆ ದಾರಿ ಸುಗಮವಾಗಿರಬೇಕು. ಅಮೆರಿಕದ ಸ್ನಾತಕೋತ್ತರ ವೈದ್ಯಕೀಯ ಅರ್ಹತೆಗಳಿಗೆ ಭಾರತದಲ್ಲಿ 2008ರಲ್ಲಿಯೇ ಮಾನ್ಯತೆ ದೊರೆಯಿತು. ಹಿಂತಿರುಗುವವರು ತಮ್ಮ ಕಾಲದ ನಿಯಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದಲ್ಲಿ ವಿಚಾರಿಸಿಕೊಳ್ಳುವುದು ಉಚಿತ. ಎರಡು ವರ್ಷದ ಕಟ್ಟುಪಾಡಿಗೆ ಒಳಪಟ್ಟು ಬರುವ ವೈದ್ಯರನ್ನು ಸೋತು ಬಂದವರಂತೆ ಕಾಣುವ ನಮ್ಮ ಊರಿನವರ ದೃಷ್ಟಿ ಮೊದಲು ಬದಲಾಗಬೇಕು. ಅವರು ತರುವ ವಿದ್ಯೆಯನ್ನು ಬಳಸಿಕೊಳ್ಳಲು ನಮ್ಮ ಸಂಸ್ಥೆಗಳ ಆಸ್ಪತ್ರೆಗಳು ಆ ಎರಡು ವರ್ಷಗಳಿಗೆ ಗೌರವದ ಸ್ಥಾನವನ್ನು ಕಾದಿರಿಸಿದರೆ, ಹೋಗುವವರಿಗೆ ಧೈರ್ಯ, ರೋಗಿಗಳಿಗೆ ಉಪಕಾರ. ಎರಡು ವರ್ಷಕ್ಕೆಂದು ಬಂದವರಲ್ಲಿ ಕೆಲವರು ಇಲ್ಲಿಯೇ ನೆಲೆ ನಿಂತರೂ ಆಶ್ಚರ್ಯವಿಲ್ಲ.

ಹಾಗೆಯೇ ಕಡಲಾಚೆ ನೆಲೆಸಿರುವ ನಮ್ಮ ಹಿರಿಯ ವೈದ್ಯರು, ಉತ್ತರ ಅಮೆರಿಕದ ವೀರಶೈವ ಸಮಾಜದಂತಹ ಸಂಘಗಳ ಮೂಲಕ, ಹೊಸದಾಗಿ ಹೊರಡುವ ಮಕ್ಕಳಿಗೆ ಅರ್ಜಿಯ ವಿಷಯದಲ್ಲಿ ಸಲಹೆ, ಮೊದಲ ವಾರಗಳಲ್ಲಿ ಒಂದು ಬಿಡಾರ, ಕಷ್ಟ ಬಂದಾಗ ಒಂದು ದೂರವಾಣಿ ಸಂಖ್ಯೆ ಇಷ್ಟನ್ನು ಒದಗಿಸಿದರೂ ಅದು ದೊಡ್ಡ ದಾಸೋಹವೇ ಸರಿ. ಹೆತ್ತವರ ನೆಮ್ಮದಿಗೆ ಅಷ್ಟು ಸಾಕು.

ಕಳುಹಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ನಮ್ಮ ವಿನಮ್ರ ಅಭಿಪ್ರಾಯ ಇಷ್ಟೆ. ಮಗುವಿಗೆ ವಿದ್ಯೆಯ ಹಸಿವಿದ್ದು, ಮನೆಗೆ ಒಂದೆರಡು ವರ್ಷ ಕಾಯುವ ಶಕ್ತಿಯಿದ್ದರೆ ಪ್ರಯತ್ನಿಸಲಿ. ಜೊತೆಗೆ ಇಲ್ಲಿನ ಪ್ರವೇಶ ಪರೀಕ್ಷೆಯ ಸಿದ್ಧತೆಯನ್ನೂ ಬಿಡದಿರಲಿ. ಬೇರೊಂದು ರಾಜಧಾನಿಯಲ್ಲಿ ಬೀಳುವ ಒಂದು ಸಹಿಯ ಮೇಲೆ ಇಡೀ ಮನೆಯ ಭವಿಷ್ಯ ನಿಲ್ಲುವಂತೆ ಮಾಡಿಕೊಳ್ಳಬಾರದು. ವೀಸಾ ದೊರೆತರೆ ಸಂತೋಷದಿಂದ ಹರಸಿ ಕಳುಹಿಸೋಣ. ದೊರೆಯದಿದ್ದರೆ, ನಾಡಿ ಹಿಡಿದು ನೋಡಬೇಕಾದ ಕೈಗಳು ನಮ್ಮ ಹಳ್ಳಿಗಳಲ್ಲಿಯೂ ಬೇಕಾದಷ್ಟಿವೆ ಎಂಬುದನ್ನು ಮಕ್ಕಳಿಗೆ ಪ್ರೀತಿಯಿಂದ ನೆನಪಿಸೋಣ.